ಗಿರಿಜಾದೇವಿಯವರನ್ನು ಕರೆಯುವ ಕ್ರಮ

ಶನಿವಾರ ಬೆಳಿಗ್ಗೆ ಹನ್ನೊಂದಾಯಿತೆಂದರೆ ಗಿರಿಜಾದೇವಿಯವರು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಚಪ್ಪಲಿ ಎಣಿಸುತ್ತಾರೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರಿಗೆ ಎಣಿಸುವುದು ಒಂದು ಚಟ. ಆ ಕಿಟಕಿಯ ಪಕ್ಕದಲ್ಲೇ ಮಹಡಿಮನೆಗೆ ಹೋಗುವ ಹೊರಮೆಟ್ಟಿಲು. ಮಹಡಿಯಲ್ಲಿ ಬಾಡಿಗೆಗೆ ಇರುವವಳು ನಾರ್ವೆ ದೇಶದ ಇಂಗ್ರಿಡ್. ಅವಳ ಮನೆಗೆ ಬರುವವರೆಲ್ಲ ಮೆಟ್ಟಿಲ ಬುಡದಲ್ಲೇ ಚಪ್ಪಲಿ ಬಿಟ್ಟು ಹತ್ತಬೇಕೆಂದು ಗಿರಿಜಾದೇವಿಯವರೇ ಷರತ್ತು ಹಾಕಿದ್ದರು. ಮನೆ ಚೊಕ್ಕಟವಾಗಿರಲಿ ಅಂತ, ಎಂದು ಅವರು ಹೇಳುತ್ತಾರೆ. ಲೆಕ್ಕ ಸಿಗಲಿ ಅಂತ, ಎಂದು ಅವರ ಗಂಡ ಶಂಭುಲಿಂಗಪ್ಪನವರು ಹೇಳುತ್ತಾರೆ, ಹೆಂಡತಿ ಪಕ್ಕದಲ್ಲಿಲ್ಲದಾಗ.

ಇಪ್ಪತ್ತೆರಡು ಜೊತೆ. ಇಪ್ಪತ್ತಮೂರು. ಅದರಲ್ಲಿ ಐದಾರು ಜೊತೆ ಬೆಟ್ಟ ಹತ್ತುವ ದಪ್ಪ ಬೂಟು. ಜಯನಗರ ನಾಲ್ಕನೇ ಟಿ ಬ್ಲಾಕಿನಲ್ಲಿ ಯಾವ ಬೆಟ್ಟವಿದೆಯೋ ಶಿವನೇ ಬಲ್ಲ.

ಇಂಗ್ರಿಡ್ ಬಂದು ಹದಿನಾಲ್ಕು ತಿಂಗಳು. ಬನ್ನೇರುಘಟ್ಟ ರಸ್ತೆಯ ಯಾವುದೋ ಕಂಪನಿಗೆ ಅವಳ ದೇಶದಿಂದ ಕಳಿಸಿದ್ದರು. ಈ ಹದಿನಾಲ್ಕು ತಿಂಗಳಲ್ಲಿ ಅವಳಿಗೆ ಮುನ್ನೂರು ಜನ ಸ್ನೇಹಿತರಾಗಿದ್ದರು. ಮುನ್ನೂರು ಅನ್ನುವುದು ಅವಳೇ ಹೇಳಿದ ಸಂಖ್ಯೆ, ಯಾವುದೋ ವಾಟ್ಸಾಪ್ ಗುಂಪು ನೋಡಿಕೊಂಡು. ಸೋಮವಾರ ಕನ್ನಡ ಕ್ಲಾಸು, ಮಂಗಳವಾರ ಹುಳಿಮಾವು ಕೆರೆ ಸುತ್ತ ನಡಿಗೆ, ಬುಧವಾರ ಬೋರ್ಡ್ ಗೇಮು, ಗುರುವಾರ ಯಾರದೋ ಟೆರೇಸಿನಲ್ಲಿ ಎಲ್ಲರೂ ಕಣ್ಣುಮುಚ್ಚಿ ಮಲಗಿ ಕಂಚಿನ ಬಟ್ಟಲು ಬಾರಿಸುವುದನ್ನು ಕೇಳುವುದು. ಶುಕ್ರವಾರ ಏನು ಮಾಡುತ್ತಿದ್ದರೆಂದು ಗಿರಿಜಾದೇವಿಯವರು ತಿಳಿದುಕೊಳ್ಳಲು ಹೋಗಿರಲಿಲ್ಲ. ಶನಿವಾರವಂತೂ ಇವರ ತಲೆಯ ಮೇಲೇ ನಡೆಯುತ್ತಿತ್ತು. ಬೆಲ್ಲ ಇದ್ದ ಕಡೆ ಇರುವೆ ಅನ್ನುತ್ತಾರೆ. ಬಿಳಿ ಬೆಲ್ಲಕ್ಕೆ ಮುತ್ತುವ ಇರುವೆಗಳು ಇಷ್ಟು ಹಲ್ಲು ಕಿರಿಯುತ್ತವೆಂದು ಅವರು ಎಣಿಸಿರಲಿಲ್ಲ.

ಆ ಇರುವೆಗಳಲ್ಲಿ ದೊಡ್ಡದು ಶಿವಕಿರಣ್. ಭಾನುವಾರ ಬೆಳಿಗ್ಗೆ ಹತ್ತಾರು ಜನರನ್ನು ಹಿಂದೆ ಹಾಕಿಕೊಂಡು ಹಳೆ ಬೀದಿಗಳಲ್ಲಿ ಸುತ್ತಿಸಿ ಕತೆ ಹೇಳುವುದು ಅವನ ಕಸುಬು. ಒಂದು ಸಲ ಇವರ ಗೇಟಿನ ಮುಂದೆ ನಿಲ್ಲಿಸಿ, ಈ ಮನೆಯ ಜಗಲಿ ಮೈಸೂರು ಅರಸರ ಕಾಲದ್ದು ಅಂದುಬಿಟ್ಟ. ತೊಂಬತ್ತೆರಡರಲ್ಲಿ ಮೇಸ್ತ್ರಿ ಹಣಮಪ್ಪನ ಹತ್ತಿರ ನಿಂತು ಆ ಜಗಲಿ ಕಟ್ಟಿಸಿದವರು ಗಿರಿಜಾದೇವಿ. ಕಿಟಕಿಯೊಳಗಿಂದ ಕೇಳಿಸಿಕೊಂಡು ಅವರಿಗೆ ಮೈ ಉರಿದುಹೋಯಿತು. ಇಂಗ್ರಿಡ್ ಮಾತ್ರ ಜಗಲಿಯನ್ನು ಕೈಯಿಂದ ಸವರಿ "ಸಖತ್!" ಅಂದಳು.

ಅಸಹ್ಯ ಅನ್ನಿಸಿದ್ದು ಅವರಿಗೆ ಗಂಡನನ್ನು ನೋಡಿ. ತೋಟಗಾರಿಕೆ ಇಲಾಖೆಯಲ್ಲಿ ಇದ್ದು ನಿವೃತ್ತಿಯಾದ ಮನುಷ್ಯ, ಅರವತ್ತೆಂಟು ವರ್ಷ, ದಿನಾ ಲಿಂಗಪೂಜೆ ಮಾಡಿ ಹಣೆತುಂಬ ವಿಭೂತಿ ಹಚ್ಚಿಕೊಳ್ಳುವವರು. ಅಂಥವರು ಮೊದಲ ತಿಂಗಳೇ ಮಹಡಿ ಹತ್ತಿದರು. ನಲ್ಲಿ ಸೋರುತ್ತಾ ನೋಡಿ ಬರ್ತೀನಿ ಅಂತ ಹೋದವರು ಎರಡೂವರೆ ಗಂಟೆ ಬಿಟ್ಟು ಇಳಿದು ಬಂದರು. ಆಮೇಲೆ ಬುಧವಾರದ ಬೋರ್ಡ್ ಗೇಮಿಗೆ ಕಾಯಂ. ಮೇಲಿನಿಂದ ಹೆಂಗಸರು ಗಂಡಸರು ಸೇರಿ "ಶಂಭೂ! ಶಂಭೂ!" ಅಂತ ಕೂಗುವುದು ಅಡುಗೆಮನೆಗೆ ಕೇಳುತ್ತಿತ್ತು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಗಿರಿಜಾದೇವಿಯವರು ಒಂದು ಸಲವೂ ಆ ಹೆಸರನ್ನು ಬಾಯಿಬಿಟ್ಟು ಹೇಳಿದವರಲ್ಲ.

"ನೀನೂ ಬಾರೇ," ಎಂದು ಶಂಭುಲಿಂಗಪ್ಪನವರು ಒಮ್ಮೆ ಕರೆದಿದ್ದರು. "ಅಲ್ಲಿ ಯಾರೂ ಏನೂ ಅಂದ್ಕೊಳಲ್ಲ."

"ನಿಮ್ಮನ್ನ ಯಾರು ಕರೆದ್ರು?"

"ಕರೆಯೋದೇನು, ಗ್ರೂಪಲ್ಲಿ ಮೆಸೇಜ್ ಹಾಕ್ತಾರೆ."

"ಮೆಸೇಜ್ ಹಾಕಿದ್ರೆ ಓಡಿಹೋಗೋಕೆ ನಾನೇನು ಗ್ಯಾಸ್ ಸಿಲಿಂಡರ್ರಾ," ಅಂದು ಅವರು ಮಾತು ಮುಗಿಸಿದ್ದರು.

ಇಲ್ಲಿ ಗಿರಿಜಾದೇವಿಯವರ ವಿಷಯ ಸ್ವಲ್ಪ ಹೇಳಬೇಕು. ದಾವಣಗೆರೆಯ ಕಡೆಯ, ಉಂಡುಟ್ಟು ಸುಖವಾಗಿದ್ದ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳು. ಆ ಮನೆಯಿಂದ ಅವರು ತಂದದ್ದು ಎರಡು ಮೊಳಕಾಲ್ಮೂರು ರೇಷ್ಮೆ ಸೀರೆ, ಮತ್ತು ಕರೆಯುವ ಕ್ರಮ. ಯಾರನ್ನಾದರೂ ಮನೆಗೆ ಕರೆಯಬೇಕಾದರೆ ಖುದ್ದಾಗಿ ಹೋಗಬೇಕು, ದೀಪ ಹಚ್ಚುವುದರೊಳಗೆ ಹೋಗಬೇಕು, ಕುಂಕುಮ ಕೊಟ್ಟು ಇಂಥ ದಿನ ಇಂಥ ಹೊತ್ತಿಗೆ ಎಂದು ಬಾಯಿಬಿಟ್ಟು ಹೇಳಬೇಕು. ಅವರು ಬೇಡ ಅನ್ನುತ್ತಾರೆ. ಮತ್ತೆ ಹೇಳಬೇಕು. ಮೊದಲ ಸಲ ಬೇಡ ಅನ್ನುವುದು ಮರ್ಯಾದೆಗೆ, ಎರಡನೆಯ ಸಲ ಅನ್ನುವುದು ತೂಕಕ್ಕೆ, ಮೂರನೆಯ ಸಲ ಒಪ್ಪಿಕೊಳ್ಳುವುದು. ಊಟದ ಹೊತ್ತಿಗೆ ಇನ್ನೊಮ್ಮೆ ಯಾರಾದರೂ ಬಂದು "ಏಳಿ, ಎಲೆ ಹಾಕಿದೆ" ಎನ್ನಬೇಕು. ಇದರಲ್ಲಿ ಒಂದು ಕೊಂಡಿ ಕಳಚಿದರೂ ಗಿರಿಜಾದೇವಿಯವರು ಹೋಗುತ್ತಿರಲಿಲ್ಲ. ಸ್ವಂತ ತಮ್ಮನ ಮಗ ಶಶಿಕಾಂತನ ಮದುವೆಗೆ ಕಾರ್ಡು ಕೊರಿಯರ್‌ನಲ್ಲಿ ಬಂತೆಂದು ಹೋಗಲಿಲ್ಲ. ಜೊತೆಯ ಟೀಚರು ಗೃಹಪ್ರವೇಶಕ್ಕೆ ಬಸ್ ಸ್ಟಾಪಿನಲ್ಲಿ ನಿಂತು ಕರೆದರೆಂದು ಹೋಗಲಿಲ್ಲ. ವಿಲ್ಸನ್ ಗಾರ್ಡನ್‌ನಲ್ಲಿದ್ದ ಚಿಕ್ಕಮ್ಮನ ಎಂಬತ್ತನೇ ವರ್ಷದ ಊಟಕ್ಕೆ ಗಂಡನನ್ನು ಮಾತ್ರ ಕರೆದು "ಅವಳಿಗೂ ಹೇಳಪ್ಪಾ" ಅಂದಿದ್ದರು, ಅದಕ್ಕೂ ಹೋಗಲಿಲ್ಲ. ಹೀಗೆ ಹೋಗದೆ ಇದ್ದೂ ಇದ್ದೂ, ಅರವತ್ತಮೂರರ ಹೊತ್ತಿಗೆ ಅವರನ್ನು ಕರೆಯುವವರೇ ಇಲ್ಲವಾಗಿದ್ದರು. ಜನರಿಗೆ ಸಂಸ್ಕಾರ ಹೋಯಿತು ಎಂದು ಅವರು ಹೇಳಿಕೊಳ್ಳುತ್ತಿದ್ದರು. ಮಹಾ ಜಂಬದ ಹೆಂಗಸು ಎಂದು ಜನ ಹೇಳಿಕೊಳ್ಳುತ್ತಿದ್ದರು. ಎರಡೂ ಸುಳ್ಳಲ್ಲ.

ಇಂಗ್ರಿಡ್ ಬಂದ ಮೊದಲ ವಾರದಲ್ಲೇ ಒಂದು ಪ್ರಸಂಗ ಆಗಿತ್ತು. ಮಧ್ಯಾಹ್ನ ಗಂಡ ಹೆಂಡತಿ ಊಟಕ್ಕೆ ಕೂತಿದ್ದರು, ಬಾಗಿಲು ತೆರೆದಿತ್ತು, ಅವಳು ಗೇಟಿನಿಂದ ಬಂದಳು. ತಟ್ಟೆ ಮುಂದೆ ಇರುವಾಗ ಯಾರೇ ಕಂಡರೂ "ಬನ್ನಿ, ಊಟ ಮಾಡೋಣ" ಎನ್ನುವುದು ನಮ್ಮ ಬಾಯಿಗೆ ತಾನಾಗಿ ಬರುವ ಮಾತು. "ಆಯ್ತು, ನೀವು ಮಾಡಿ" ಅಂದು ಮುಂದೆ ಹೋಗುವುದು ಕೇಳಿದವರ ಧರ್ಮ. ಗಿರಿಜಾದೇವಿಯವರು "ಕಮ್, ಹ್ಯಾವ್ ಲಂಚ್" ಅಂದರು. ಅವಳು ಬಂದಳು. ಕೈ ತೊಳೆದು ಕೂತೇಬಿಟ್ಟಳು. ರಾತ್ರಿಗೂ ಆಗಲೆಂದು ಮಾಡಿದ್ದ ಎಣ್ಣೆಗಾಯಿ ಪೂರ್ತಿ ಖಾಲಿಯಾಯಿತು, ಚಪಾತಿ ನಾಲ್ಕು ಹೋದವು. ತಿಂದಾದ ಮೇಲೆ ಕಣ್ಣಲ್ಲಿ ನೀರು ತುಂಬಿಕೊಂಡು, ನಮ್ಮ ದೇಶದಲ್ಲಿ ಪಕ್ಕದ ಮನೆಯವರ ಹೆಸರು ನನಗೆ ಪೋಸ್ಟ್ ಡಬ್ಬದ ಮೇಲೆ ಓದಿ ಮಾತ್ರ ಗೊತ್ತಿತ್ತು, ಈ ಊರಿನಲ್ಲಿ ನೀವೇ ನನ್ನ ಮೊದಲ ಸ್ನೇಹಿತರು, ಅಂದಳು. ಮಾರನೇ ದಿನ ಒಂದು ಬಾಟಲಿ ಯಾವುದೋ ಕಾಡುಹಣ್ಣಿನ ಜಾಮು ತಂದುಕೊಟ್ಟು, ನಮ್ಮ ಬಾಗಿಲು ನಿಮಗೆ ಯಾವಾಗಲೂ ತೆರೆದಿರುತ್ತದೆ, ಯಾವಾಗ ಬೇಕಾದರೂ ಬನ್ನಿ, ಎಂದಳು.

ಯಾವಾಗ ಬೇಕಾದರೂ! ಹಾಗೆಂದರೆ ಯಾವಾಗಲೂ ಬೇಡ ಎಂದೇ ಅರ್ಥವಲ್ಲವೇ? ತೆರೆದ ಬಾಗಿಲು ಬೀದಿನಾಯಿಗೂ ತೆರೆದಿರುತ್ತದೆ. ಗಿರಿಜಾದೇವಿಯವರು ಹದಿನಾಲ್ಕು ತಿಂಗಳು ಕಾದರು. ಹೌದು, ಕಾದರು. ಮೇಲಿನ ನಗು ಕೇಳಿ ತುಟಿ ಕೊಂಕಿಸುತ್ತ, ಚಪ್ಪಲಿ ಎಣಿಸುತ್ತ, ಗಂಡನನ್ನು ಚುಚ್ಚುತ್ತ, ಆ ಹುಡುಗಿ ಒಂದು ದಿನ ಇಳಿದು ಬಂದು ಕ್ರಮವಾಗಿ ಕರೆಯಲಿ ಎಂದು ಕಾದರು. ಯಾರಿಗೂ ಹೇಳಲಿಲ್ಲ, ಅಷ್ಟೆ.

ಇಂಗ್ರಿಡ್‌ಗೆ ವಿಯೆಟ್ನಾಮಿಗೆ ವರ್ಗವಾದ ಸುದ್ದಿಯನ್ನು ತಂದವಳು ಎರಡೂ ಮನೆಗೆ ಕೆಲಸಕ್ಕೆ ಬರುವ ನಾರಾಯಣಮ್ಮ. "ಬರೋ ಶನಿವಾರ ಎಲ್ಲಾರ್ನೂ ಕರೆದು ಊಟ ಹಾಕ್ತಾರಂತೆ ಅಮ್ಮಾ. ನಂಗೂ ಬಾ ಅಂದವ್ರೆ. ಪಾತ್ರೆ ತೊಳೆಯೋಕಲ್ಲ, ಊಟಕ್ಕೆ."

"ನಿನಗೆ ಹೇಗೆ ಹೇಳಿದ್ಲು?"

"ಹೆಂಗಂದ್ರೆ? 'ನಾರಾಯಣಮ್ಮ, ಸ್ಯಾಟರ್ಡೇ ಬನ್ನಿ' ಅಂದ್ರು. ಆಯ್ತು ಅಂದೆ."

ಗಿರಿಜಾದೇವಿಯವರು ತೊಗರಿಬೇಳೆ ಆರಿಸುವುದನ್ನು ಮುಂದುವರಿಸಿದರು. ಅಂದು ಸಂಜೆ ಗಂಡನಿಗೆ ಒಂದು ತಾಕೀತು ಕೊಟ್ಟರು. ನನ್ನನ್ನು ಕರೆ ಅಂತ ನೀವು ಹೋಗಿ ಆ ಹುಡುಗಿಗೆ ಹೇಳಿದರೆ ನಾನು ಈ ಮನೆಯಲ್ಲಿ ನೀರು ಮುಟ್ಟುವುದಿಲ್ಲ. ಹೇಳಿ ಕರೆಸಿಕೊಳ್ಳುವ ಗತಿ ನನಗೆ ಬಂದಿಲ್ಲ. ಶಂಭುಲಿಂಗಪ್ಪನವರು ಟಿವಿಯಿಂದ ಕಣ್ಣು ತೆಗೆಯದೆ ಆಯಿತೆಂದರು. ಹೇಳುವ ಯೋಚನೆ ಅವರಿಗೆ ಬಂದೂ ಇರಲಿಲ್ಲ.

ಗುರುವಾರ ಸಂಜೆ ಐದಕ್ಕೆ ಬಾಗಿಲ ಬೆಲ್ಲು ಹೊಡೆಯಿತು. ಇಂಗ್ರಿಡ್ ನಿಂತಿದ್ದಳು, ಕೈಯಲ್ಲಿ ಸ್ಟೀಲ್ ತಟ್ಟೆ. ತಟ್ಟೆಯಲ್ಲಿ ಕುಂಕುಮದ ಬಟ್ಟಲು, ಒಂದು ಮೊಳ ಮಲ್ಲಿಗೆ, ಎರಡು ಬಾಳೆಹಣ್ಣು, ವೀಳ್ಯದೆಲೆ. ಶಿವಕಿರಣ್ ಹೇಳಿಕೊಟ್ಟನಂತೆ, ಹಿರಿಯರನ್ನು ಕರೆಯುವುದು ಹೀಗೆ ಅಂತ. ಸುಳ್ಳು ಜಗಲಿ ಕತೆ ಹೇಳುವವನ ಬಾಯಲ್ಲೂ ಒಂದು ನಿಜ ಬಂದಿತ್ತು. ಅವಳು ಬಗ್ಗಿ ಗಿರಿಜಾದೇವಿಯವರ ಹಣೆಗೆ ಕುಂಕುಮ ಇಟ್ಟಳು. ಅದು ಸೊಟ್ಟಗೆ ಹುಬ್ಬಿನ ಮೇಲೆ ಹೋಯಿತು. ಆಮೇಲೆ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಕನ್ನಡದಲ್ಲಿ ಹೇಳಿದಳು: "ಶನಿವಾರ ಹನ್ನೆರಡು ಗಂಟೆಗೆ, ನಮ್ಮ ಮನೆಗೆ, ನೀವು ಊಟಕ್ಕೆ ಬರಬೇಕು."

ಗಿರಿಜಾದೇವಿಯವರಿಗೆ ಹೇಳಲಾರದಷ್ಟು ಸಂತೋಷವಾಯಿತು. ಸ್ವಂತ ತಮ್ಮ ಹೀಗೆ ಕರೆದಿರಲಿಲ್ಲ. ಆ ಸಂತೋಷದಲ್ಲೇ, ಅರವತ್ತು ವರ್ಷದ ಅಭ್ಯಾಸದಂತೆ, ಬಾಯಿ ತನ್ನ ಕೆಲಸ ಮಾಡಿತು.

"ಅಯ್ಯೋ, ನಾನ್ಯಾಕಮ್ಮ," ಅಂದರು. ಅವಳಿಗೆ ತಿಳಿಯಲೆಂದು ಮೇಷ್ಟರ ಇಂಗ್ಲಿಷಿನಲ್ಲಿ ಬಿಡಿಸಿಯೂ ಹೇಳಿದರು: ನೀವೆಲ್ಲ ಚಿಕ್ಕ ವಯಸ್ಸಿನವರು ಸೇರಿರುತ್ತೀರಿ, ಅಲ್ಲಿ ನನಗೇನು ಕೆಲಸ, ನಮ್ಮವರು ಬರುತ್ತಾರಲ್ಲ, ನನ್ನ ಕೈಲಿ ಬರುವುದಕ್ಕೆ ಆಗುವುದಿಲ್ಲ.

ಹೇಳಿ, ತಲೆ ಸ್ವಲ್ಪ ತಗ್ಗಿಸಿ, ಎರಡನೆಯ ಕರೆಗೆ ಸಿದ್ಧರಾಗಿ ನಿಂತರು.

ಇಂಗ್ರಿಡ್ ಎದೆಯ ಮೇಲೆ ಕೈ ಇಟ್ಟುಕೊಂಡಳು. "ನನಗೆ ಅರ್ಥವಾಗುತ್ತದೆ," ಅಂದಳು ಇಂಗ್ಲಿಷಿನಲ್ಲಿ. "ಇಲ್ಲಿ ಎಲ್ಲರೂ ಬರ್ತೀವಿ ಬರ್ತೀವಿ ಅಂತಾರೆ, ಬರೋದಿಲ್ಲ. ನೀವೊಬ್ಬರೇ ಇದ್ದದ್ದನ್ನು ಇದ್ದ ಹಾಗೆ ಹೇಳಿದಿರಿ. ಥ್ಯಾಂಕ್ಯೂ." ತಟ್ಟೆಯನ್ನು ಅವರ ಕೈಗಿಟ್ಟು ಮೆಟ್ಟಿಲು ಹತ್ತಿ ಹೊರಟುಹೋದಳು. ಬಾ ಅಂದರೆ ಬರುವ ಜನ, ಬೇಡ ಅಂದರೆ ಬಿಟ್ಟುಬಿಡುವ ಜನ. ಎಂಥ ಬರಡು ದೇಶವಪ್ಪಾ ಅದು, ಅನ್ನಿಸಿತು ಗಿರಿಜಾದೇವಿಯವರಿಗೆ.

ಎದುರುಮನೆಯ ಅಂಜನಾಳ ಬಾಲ್ಕನಿ ಇವರ ಬಾಗಿಲಿಗೆ ನೇರ. ಆ ಬಾಲ್ಕನಿಯಲ್ಲಿ ಒಣಗುವ ಬಟ್ಟೆ ಯಾವತ್ತೂ ಮುಗಿಯುವುದಿಲ್ಲ. "ಏನಾಂಟೀ, ಕುಂಕುಮ ಕೊಟ್ಟು ಕರೆದ್ರಾ?" ಎಂದು ಅಲ್ಲಿಂದಲೇ ಕೂಗಿದಳು.

"ಹೂಂ ಮತ್ತೆ! ಮನೆಗೇ ಬಂದು ಕರೆದ್ಲು."

"ಹೋಗ್ತೀರಾ ತಾನೇ?"

"ಅಷ್ಟು ಕ್ರಮವಾಗಿ ಕರೆದ ಮೇಲೆ ಹೋಗ್ದೇ ಇರಕ್ಕಾಗತ್ತೇನಮ್ಮ," ಎಂದರು ಗಿರಿಜಾದೇವಿಯವರು. ಅಂಜನಾಳಿಗೆ ಹೇಳಿದ್ದು ಮೂರನೇ ಕ್ರಾಸಿನ ತನಕ ಹೋಗುತ್ತದೆಂದು ಗೊತ್ತಿದ್ದೇ ಹೇಳಿದರು.

ಶುಕ್ರವಾರ ಶೇಂಗಾ ಹೋಳಿಗೆ ಮಾಡಿದರು, ಇಪ್ಪತ್ತೊಂದು. ಶನಿವಾರ ಬೆಳಿಗ್ಗೆ ಮೊಳಕಾಲ್ಮೂರು ರೇಷ್ಮೆ ಉಟ್ಟರು. ಊಟದ ಹೊತ್ತಿಗೆ ಇನ್ನೊಮ್ಮೆ ಬಂದು ಕರೆಯುವ ಪದ್ಧತಿ ಉಂಟಲ್ಲ, ಆ ಜಗಲಿ ಸುಳ್ಳುಗಾರ ಅದನ್ನೂ ಹೇಳಿಕೊಟ್ಟಿರಬಹುದು. ಶಂಭುಲಿಂಗಪ್ಪನವರು ಇಂಗ್ರಿಡ್ ಕೊಟ್ಟ, ಎದೆಯ ಮೇಲೆ ದೊಡ್ಡ ಮೀನಿನ ಚಿತ್ರವಿದ್ದ ಟೀಶರ್ಟು ಹಾಕಿಕೊಂಡರು. ಮೀನು ಮುಟ್ಟದ ಮನೆತನ! ಹೆಂಡತಿಯ ರೇಷ್ಮೆ ಅವರ ಕಣ್ಣಿಗೆ ಬೀಳಲಿಲ್ಲ. "ಹೋಗ್ಬರ್ತೀನಿ" ಎಂದು ಹತ್ತಿದರು.

ಹನ್ನೆರಡಾಯಿತು. ಹನ್ನೆರಡೂವರೆ. ಚಪ್ಪಲಿ ನಲವತ್ತೇಳು ಜೊತೆ. ಅದರಲ್ಲಿ ನಾರಾಯಣಮ್ಮನ, ಉಂಗುಷ್ಠ ಕಿತ್ತು ಪಿನ್ನು ಚುಚ್ಚಿದ ನೀಲಿ ಹವಾಯಿಯೂ ಒಂದು. ಅದನ್ನು ನೋಡಿ ಗಿರಿಜಾದೇವಿಯವರಿಗೆ ಅವಮಾನವಾಯಿತು. ಯಾಕೆ ಅಂತ ಕೇಳಿದ್ದರೆ ಹೇಳುತ್ತಿರಲಿಲ್ಲ.

ಒಂದು ಗಂಟೆಗೆ ಆ ನೀಲಿ ಹವಾಯಿಯೇ ಅಡುಗೆಮನೆ ಬಾಗಿಲಿಗೆ ಬಂತು. ನಾರಾಯಣಮ್ಮ ಬೆಳ್ಳಿಹಾಳೆ ಮುಚ್ಚಿದ ತಟ್ಟೆ ಹಿಡಿದಿದ್ದಳು. "ಯಾರೂ ಹೇಳ್ಲಿಲ್ಲ ಅಮ್ಮಾ, ನಾನೇ ತಂದೆ. ಪಲಾವು, ಮೇಲ್ಗಡೆ ಅದೇನೋ ಕೇಕು. ಸೀರೆ ಉಟ್ಟಿದ್ದೀರಲ್ಲ! ಬನ್ನಿ ಮತ್ತೆ, ಹೋಗಾನ."

ಎರಡನೆಯ ಕರೆ ಬಂದದ್ದು ಕೆಲಸದವಳ ಬಾಯಿಂದ. ಪರವಾಗಿಲ್ಲ, ಬಂತಲ್ಲ. ಗಿರಿಜಾದೇವಿಯವರ ಒಂದು ಕಾಲು ಏಳುತ್ತಿತ್ತು. ಬಾಯಿ ಮಾತ್ರ ಹಳೆಯದೇ. "ನಂದಿರಲಿ ಬಿಡು, ನೀನು ಹೋಗು."

ಇನ್ನೊಂದು ಸಲ ಅಂದರೆ ಸಾಕಿತ್ತು. ನಾರಾಯಣಮ್ಮ ಚಿಂತಾಮಣಿ ಕಡೆಯವಳು, ಅವಳಿಗೂ ಈ ಪದ್ಧತಿ ಗೊತ್ತಿಲ್ಲದ್ದಲ್ಲ. ಆದರೆ ಮೇಲೆ ಹಾಡು ಶುರುವಾಯಿತು, ಯಾರೋ ಅವಳ ಹೆಸರು ಹಿಡಿದು ಕೂಗಿದರು, ಅವಳು ಸೆರಗು ಸಿಕ್ಕಿಸಿಕೊಂಡು ಓಡಿದಳು. ಒಂಬತ್ತು ವರ್ಷದಿಂದ ಈ ಮನೆಯಲ್ಲಿ ಕೆಲಸ ಮಾಡುವವಳು ಹಾಗೆ ಓಡಿದ್ದನ್ನು ಗಿರಿಜಾದೇವಿಯವರು ಯಾವತ್ತೂ ನೋಡಿರಲಿಲ್ಲ.

"ಆಂಟೀ! ಇನ್ನೂ ಹೋಗಿಲ್ವಾ?" ಬಾಲ್ಕನಿಯಿಂದ ಅಂಜನಾ.

"ಹೊರಟೆ," ಅಂದರು ಗಿರಿಜಾದೇವಿಯವರು.

ಅಂದ ಮೇಲೆ ಹೊರಡಲೇಬೇಕು. ಹೋಳಿಗೆ ಡಬ್ಬ ಹಿಡಿದು, ಬಾಗಿಲು ಎಳೆದುಕೊಂಡು, ಚಪ್ಪಲಿ ಮೆಟ್ಟಿ, ಬಾಗಿಲಿಂದ ಮೆಟ್ಟಿಲಿಗೆ ಇರುವ ಹತ್ತು ಹೆಜ್ಜೆಯನ್ನು ಗತ್ತಿನಿಂದ ನಡೆದರು. ನಲವತ್ತೇಳು ಜೊತೆಯ ಗುಡ್ಡೆಯ ಪಕ್ಕ ತಮ್ಮದನ್ನು ಬಿಟ್ಟರು, ಅಂಜನಾಳಿಗೆ ಕಾಣುವ ಹಾಗೆ. ಒಂಬತ್ತು ಮೆಟ್ಟಿಲು ಹತ್ತಿದರೆ ಒಂದು ತಿರುವು ಬರುತ್ತದೆ. ಅಲ್ಲಿ ನಿಂತರೆ ಎದುರುಮನೆಗೂ ಕಾಣುವುದಿಲ್ಲ, ಮೇಲಿನವರಿಗೂ ಕಾಣುವುದಿಲ್ಲ. ಅಲ್ಲಿ ನಿಂತರು. ಮೇಲೆ ಇನ್ನು ಎಂಟೇ ಮೆಟ್ಟಿಲು. ಬಾಗಿಲು ತೆರೆದೇ ಇತ್ತು, ಅವಳು ಹೇಳಿದ ಹಾಗೆ.

ಒಳಗೆ ಇಂಗ್ರಿಡ್ ಭಾಷಣ ಮಾಡುತ್ತಿದ್ದಳು. ಬದನೆಕಾಯಿಯ ಕತೆ ಹೇಳುತ್ತಿದ್ದಳು, ನಾಲ್ಕು ಚಪಾತಿಯ ಕತೆ. ಎಲ್ಲರೂ ನಗುತ್ತಿದ್ದರು. ಈ ಊರಿನಲ್ಲಿ ನನಗೆ ಮೊದಲು ಊಟ ಹಾಕಿದವರು ಅವರು, ಇವತ್ತು ಬಂದಿಲ್ಲ, ಅವರಿಗೆ ಜನ ಸೇರುವುದು ಇಷ್ಟವಿಲ್ಲ, ಅದನ್ನು ನಾನು ಗೌರವಿಸುತ್ತೇನೆ, ಅಂದಳು.

"ಹೌದೌದು," ಅಂದಿತು ಶಂಭುಲಿಂಗಪ್ಪನವರ ದನಿ, ಬಾಯಿತುಂಬ ಕೇಕಿನೊಂದಿಗೆ. "ಅವಳಿಗೆ ಇವೆಲ್ಲ ಮೊದಲಿಂದ್ಲೂ ಸೇರಲ್ಲ."

ಮೂವತ್ತೆಂಟು ವರ್ಷ! ಥೂ, ಅಂದುಕೊಂಡರು ಗಿರಿಜಾದೇವಿಯವರು. ಆ ಥೂ ಗಂಡನಿಗೋ, ಮೀನಿನ ಟೀಶರ್ಟಿಗೋ, ಮುನ್ನೂರು ಜನ ಸ್ನೇಹಿತರಿಗೋ, ಅಥವಾ ಎಂಟು ಮೆಟ್ಟಿಲು ಹತ್ತಲಾರದ ತಮ್ಮ ಕಾಲಿಗೋ, ವಿಂಗಡಿಸಿ ನೋಡುವ ವ್ಯವಧಾನ ಅವರಿಗಿರಲಿಲ್ಲ. ಎದುರಿನ ಬಾಲ್ಕನಿಯ ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆ ಬರಿಗಾಲಲ್ಲಿ ಇಳಿದು, ಚಪ್ಪಲಿಯನ್ನು ಅಲ್ಲೇ ಬಿಟ್ಟು, ಹೋಳಿಗೆ ಡಬ್ಬವನ್ನು ಹಿಡಿದುಕೊಂಡೇ, ಮನೆಯ ಪಕ್ಕದ ಓಣಿಯಿಂದ ಹಿತ್ತಲ ಬಾಗಿಲಿಗೆ ಹೋದರು. ರೇಷ್ಮೆ ಸೀರೆಯಲ್ಲೇ ಕೂತು ನಾರಾಯಣಮ್ಮ ತಂದ ಪಲಾವನ್ನು ಪೂರ್ತಿ ತಿಂದರು. ಕೇಕನ್ನೂ ತಿಂದರು.

ನಾಲ್ಕು ಗಂಟೆಗೆ ಜನ ಇಳಿದರು. ಗುಡ್ಡೆ ಕರಗಿ ಕರಗಿ ಕೊನೆಗೆ ಎರಡು ಜೊತೆ ಉಳಿಯಿತು. ಶಂಭುಲಿಂಗಪ್ಪನವರು ಇಳಿದು ಬಂದು, ತಮ್ಮ ಚಪ್ಪಲಿಯ ಪಕ್ಕದಲ್ಲಿ ಹೆಂಡತಿಯದನ್ನು ಕಂಡು, ಅದನ್ನೂ ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದರು. ಮುಖ ಅರಳಿತ್ತು.

"ಬಂದಿದ್ಯೇನೇ! ಚಪ್ಪಲಿ ಬಿಟ್ಟು ಬಂದಿದೀಯ ನೋಡು. ಎಲ್ಲಿ ಕೂತಿದ್ದೆ? ನಾನು ನೋಡ್ಲೇ ಇಲ್ವಲ್ಲ."

"ನೀವು ಯಾವತ್ತು ನೋಡಿದ್ರಿ," ಎಂದರು ಗಿರಿಜಾದೇವಿಯವರು.

ಅವರು ಅದನ್ನು ತಮಾಷೆಯೆಂದುಕೊಂಡು ನಕ್ಕರು. ಗೇಟಿನವರೆಗೆ ಸ್ನೇಹಿತರನ್ನು ಕಳಿಸಿ ಬರುತ್ತಿದ್ದ ಇಂಗ್ರಿಡ್‌ಗೆ ಬಾಗಿಲಿಂದಲೇ ಕೂಗಿ ಹೇಳಿಯೂಬಿಟ್ಟರು. ಅವಳು ಓಡಿ ಬಂದು ಗಿರಿಜಾದೇವಿಯವರನ್ನು, ರೇಷ್ಮೆ ಮುದುಡುವ ಹಾಗೆ, ಅಪ್ಪಿಕೊಂಡಳು. ನೀವು ಬಂದಿರಾ, ನನಗೆ ಎಷ್ಟು ಸಂತೋಷವಾಯಿತು ಗೊತ್ತಾ, ಅಷ್ಟು ಜನರ ನಡುವೆ ನಿಮ್ಮ ಜೊತೆ ಸರಿಯಾಗಿ ಮಾತಾಡಲಿಕ್ಕೂ ಆಗಲಿಲ್ಲ, ಕ್ಷಮಿಸಿ, ಅಂದಳು. ಅವಳ ಕಣ್ಣಲ್ಲಿ ಮತ್ತೆ ನೀರಿತ್ತು. ಬಂದವರು ಯಾರು ಬಾರದವರು ಯಾರು ಎಂಬುದೇ ತಿಳಿಯದ ಸ್ನೇಹಕ್ಕೆ ಇಷ್ಟು ಕಣ್ಣೀರು ಎಲ್ಲಿಂದ ಬರುತ್ತದೋ! ಅವಳ ಭುಜದ ಆಚೆ, ಮೆಟ್ಟಿಲ ಹತ್ತಿರ ಪೊರಕೆ ಹಿಡಿದು ನಿಂತಿದ್ದ ನಾರಾಯಣಮ್ಮ ಎಲ್ಲವನ್ನೂ ನೋಡುತ್ತಿದ್ದಳು. ಗಿರಿಜಾದೇವಿಯವರು ಅವಳತ್ತ ನೋಡಲಿಲ್ಲ.

"ಪರವಾಗಿಲ್ಲಮ್ಮ," ಎಂದರು, "ಊಟ ಚೆನ್ನಾಗಿತ್ತು."